ಗುಂಡು ಹಾರಿಸಿದರೆ ಹಂದಿ ಕಾಟ ತಪ್ಪೀತೆ?

ಗೋವಿನಜೋಳ ತೆನೆ ಕಟ್ಟಿತು ಅಂದರೆ ಜತ್ತ, ಅಕ್ಕಲಕೋಟ ಭಾಗದ ರೈತನಿಗೆ ನಿದ್ದೆ ಇಲ್ಲ. ಹಗಲು ಕಬ್ಬಿನ ಫಡದಲ್ಲಿ, ಜಾಲಿಕಂಟಿಯಲ್ಲಿ ಅಡಗುವ ಕಾಡುಹಂದಿ ರಾತ್ರಿ ಹೊಲಕ್ಕಿಳಿಯುತ್ತವೆ. ತಿನ್ನೋದು ಸ್ವಲ್ಪ, ತುಳಿದು ಕೆಡಿಸೋದೇ ಬಹಳ. ಶೇಂಗಾ ಹೊಲವಾದರೆ ಮೂತಿಯಿಂದ ನೆಲವನ್ನೇ ಉತ್ತು ಹೋಗುತ್ತವೆ. ‘ಹೊಡೆಯಲು ಪರವಾನಗಿ ಕೊಡ್ರಿ’ ಎಂಬ ಕೂಗು ಏಳುವುದು ಸಹಜ.

ಕಾಯ್ದೆಯಲ್ಲಿ ದಾರಿ ಇಲ್ಲವೆಂದಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 11ನೇ ಕಲಮಿನಂತೆ, ನಿಂತ ಪೈರಿಗೆ ಅಪಾಯ ತಂದ ಹಂದಿಯನ್ನು ಹೊಡೆಯಲು ಅರಣ್ಯ ಇಲಾಖೆಯ ಅಧಿಕಾರಿಗಳು ಲಿಖಿತ ಅನುಮತಿ ಕೊಡಬಹುದು. ಮಹಾರಾಷ್ಟ್ರ ಸರಕಾರ 2015ರಲ್ಲಿ ಇದಕ್ಕೆ ಆದೇಶ ಹೊರಡಿಸಿತು. ಕೇರಳ 2022ರಲ್ಲಿ ಈ ಅಧಿಕಾರವನ್ನು ಪಂಚಾಯಿತಿ ಅಧ್ಯಕ್ಷರವರೆಗೆ ಇಳಿಸಿತು.

ಆದರೆ ಬರೀ ಬಂದೂಕಿನಿಂದ ಕೆಲಸ ಆದೀತೇ? ಅಮೆರಿಕದ ಕತೆ ನೋಡಿ. ಅಲ್ಲಿ ಹಂದಿ ಹೊರಗಿನಿಂದ ಬಂದದ್ದು. 16ನೇ ಶತಮಾನದಲ್ಲಿ ಸ್ಪೇನಿನವರು ಒಯ್ದ ಸಾಕುಹಂದಿ, ಆಮೇಲೆ ಬೇಟೆಗೆಂದು ತಂದು ಬಿಟ್ಟ ಯುರೋಪಿನ ಕಾಡುಹಂದಿ ಎರಡೂ ಬೆರೆತು ಬೆಳೆದವು. ಟೆಕ್ಸಾಸ್ ರಾಜ್ಯ 2011ರಲ್ಲಿ ಹೆಲಿಕಾಪ್ಟರಿನಿಂದ ಹೊಡೆಯಲೂ ಅವಕಾಶ ಕೊಟ್ಟಿತು. ಹಂದಿ ಮುಗಿಯಲಿಲ್ಲ! ಮಿಸೌರಿ ರಾಜ್ಯದ ಸಂರಕ್ಷಣಾ ಇಲಾಖೆ 2016ರಲ್ಲಿ ತನ್ನ ಜಮೀನಿನಲ್ಲಿ ಹಂದಿ ಬೇಟೆಯನ್ನೇ ನಿಷೇಧಿಸಿತು. ಗುಂಪಿನಲ್ಲಿ ಒಂದೆರಡು ಬಿದ್ದರೆ ಉಳಿದವು ಚದುರಿ ಹೊಸ ಜಾಗ ಹಿಡಿಯುತ್ತವೆ. ಅದಕ್ಕೇ ಅವರು ದೊಡ್ಡ ದೊಡ್ಡಿ ಕಟ್ಟಿ, ಕಾಳು ಚೆಲ್ಲಿ, ಇಡೀ ಗುಂಪನ್ನು ಒಮ್ಮೆಲೇ ಹಿಡಿಯುವ ದಾರಿಗೆ ಬಂದರು.

ನಮ್ಮ ಹಂದಿ ಇಲ್ಲಿಯದೇ, ಅದರ ವಂಶ ಅಳಿಸುವ ಮಾತು ಬೇಡ. ಆದರೆ ಗುಂಪಿನ ಗುಣ ಅದೇ. ನಮ್ಮ ಕಾಯ್ದೆಯಲ್ಲಿ ‘ಬೇಟೆ’ ಅಂದರೆ ಬಲೆ, ಬೋನು ಹಾಕಿ ಹಿಡಿಯುವುದೂ ಸೇರಿದೆ. ಅದನ್ನು ಯಾಕೆ ಬಳಸಬಾರದು?

ಬೇಲಿಗೆ ಕರೆಂಟ್ ಬಿಡುವವರಿಗೂ ಒಂದು ಮಾತು. 2025ರ ಜೂನ್‌ನಲ್ಲಿ ಕೇರಳದ ನಿಲಂಬೂರು ಭಾಗದಲ್ಲಿ ಹಂದಿಗೆಂದು ಕಳ್ಳತನದಿಂದ ಎಳೆದ ತಂತಿಗೆ ಶಾಲಾ ಬಾಲಕನೊಬ್ಬ ಬಲಿಯಾದ. ಹಂದಿ ಬರುವ ದಾರಿಯಲ್ಲೇ ನೀರು ಹಾಯಿಸಲು ನಮ್ಮ ಮಕ್ಕಳೂ ಓಡಾಡುತ್ತಾರೆ.

ಗಡಿಯವರ ಗೋಳು ಇನ್ನೊಂದಿದೆ. ಇಲ್ಲಿ ಅಟ್ಟಿದರೆ ಹಂದಿ ವಿಜಯಪುರ ಜಿಲ್ಲೆಯ ಹೊಲಕ್ಕೆ, ಅಲ್ಲಿ ಅಟ್ಟಿದರೆ ಇತ್ತ. ಅನುಮತಿ ಮಾತ್ರ ಗಡಿಕಲ್ಲಿಗೇ ನಿಲ್ಲುತ್ತದೆ. ಎರಡೂ ರಾಜ್ಯದ ಅರಣ್ಯ ಅಧಿಕಾರಿಗಳು ಕೂಡಿ ಕೂತು, ಒಂದೇ ವಾರದಲ್ಲಿ ಎರಡೂ ಕಡೆ ಕಾರ್ಯಾಚರಣೆ ಮಾಡಲಿ. ಹಾನಿಯಾದ ಹೊಲದ ಪಂಚನಾಮೆ ಬೇಗ ಆಗಲಿ, ನುಕಸಾನಿ ಹಣ ಮುಂದಿನ ಬಿತ್ತನೆಗೆ ಮೊದಲೇ ರೈತನ ಖಾತೆಗೆ ಬರಲಿ. ಗ್ರಾಮಸಭೆಗಳು ಈ ಠರಾವು ಮಾಡಿ ಎರಡೂ ಕಡೆಯ ಜಿಲ್ಲಾಧಿಕಾರಿಗಳಿಗೆ ಕಳಿಸಬೇಕು. ಒಬ್ಬೊಬ್ಬರೇ ಅರ್ಜಿ ಹಿಡಿದು ಅಲೆದರೆ ಆಗುವ ಕೆಲಸ ಇದಲ್ಲ.