ಸೈಕಾಲಜಿ ಎಂಎ ಮುಗಿದರೆ ಸಾಕೇ? ಹೈದರಾಬಾದ್‌ಗೆ ಓದಲು ಹೊರಟವರು ತಿಳಿಯಬೇಕಾದ್ದು

ಹೈದರಾಬಾದ್: 'ಸೈಕಾಲಜಿ ಓದ್ತಿದ್ದೀಯಾ? ಹಾಗಾದ್ರೆ ನನ್ನ ಮನಸ್ಸಲ್ಲಿ ಏನಿದೆ ಹೇಳು ನೋಡೋಣ!' ಮನಃಶಾಸ್ತ್ರ ವಿದ್ಯಾರ್ಥಿಗಳಿಗೆ ಈ ಮಾತು ಕೇಳಿ ಕೇಳಿ ಸಾಕಾಗಿರುತ್ತದೆ. ಆದರೆ ತರಗತಿಯಲ್ಲಿ ಅವರಿಗೆ ಎದುರಾಗುವುದು ಸಂಖ್ಯಾಶಾಸ್ತ್ರ, ಸಂಶೋಧನಾ ವಿಧಾನ, ಮೆದುಳಿನ ರಚನೆ ಮತ್ತು ಪ್ರಯೋಗಾಲಯದ ರೆಕಾರ್ಡ್. ಲೆಕ್ಕದಿಂದ ತಪ್ಪಿಸಿಕೊಳ್ಳಲು ಈ ವಿಷಯ ಆರಿಸಿಕೊಂಡವರಿಗೆ ಮೊದಲ ವರ್ಷವೇ ನಿಜ ಅರಿವಾಗುತ್ತದೆ.

ಅದಕ್ಕಿಂತ ದೊಡ್ಡ ಅಚ್ಚರಿ ಕೊನೆಯ ವರ್ಷದಲ್ಲಿ ಕಾದಿರುತ್ತದೆ. ಎಂಎ ಅಥವಾ ಎಂಎಸ್ಸಿ ಮುಗಿಸಿದ ಮಾತ್ರಕ್ಕೆ ಯಾರೂ ಕ್ಲಿನಿಕಲ್ ಸೈಕಾಲಜಿಸ್ಟ್ ಆಗುವುದಿಲ್ಲ.

ಗಡಿ ಜಿಲ್ಲೆಗಳ ನಂಟು

1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ವಿಭಾಗವಿದೆ. ಗಚ್ಚಿಬೌಲಿಯ ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಆರೋಗ್ಯ ಮನಃಶಾಸ್ತ್ರಕ್ಕೆ ಪ್ರತ್ಯೇಕ ಕೇಂದ್ರವೇ ಇದೆ. ನಿಜಾಮರ ಕಾಲದಿಂದಲೂ ಬೀದರ್, ಕಲಬುರಗಿ, ರಾಯಚೂರು ಭಾಗಕ್ಕೆ ಹೈದರಾಬಾದ್ ಓದಿನ ಊರು. ಇಂದಿಗೂ ಬೀದರ್‌ನವರಿಗೆ ಬೆಂಗಳೂರಿಗಿಂತ ಅದೇ ಹತ್ತಿರ. ಹಾಗಾಗಿ ಈ ಗೊಂದಲ ಕನ್ನಡದ ಮನೆಗಳಿಗೂ ಸೇರಿದ್ದು.

ಕಾನೂನು ಏನು ಹೇಳುತ್ತದೆ?

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ-2017ರ ಪ್ರಕಾರ ಕ್ಲಿನಿಕಲ್ ಸೈಕಾಲಜಿಸ್ಟ್ ಎನಿಸಿಕೊಳ್ಳಲು ಸ್ನಾತಕೋತ್ತರ ಪದವಿಯ ಮೇಲೆ ಮಾರ್ಗದರ್ಶಕರ ನಿಗಾದಲ್ಲಿ ಎರಡು ವರ್ಷ ಪೂರ್ಣಾವಧಿ ತರಬೇತಿ ಪಡೆದು ಎಂಫಿಲ್ ಮಾಡಿರಬೇಕು. ಇಲ್ಲವೇ ಭಾರತೀಯ ಪುನರ್ವಸತಿ ಮಂಡಳಿ ಒಪ್ಪಿದ ಸಂಸ್ಥೆಯಿಂದ ಕ್ಲಿನಿಕಲ್ ಸೈಕಾಲಜಿಯ ಮಾನ್ಯ ಅರ್ಹತೆ ಪಡೆದಿರಬೇಕು.

ಈ ಎಂಫಿಲ್ ಕೂಡ ಈಗ ಭದ್ರವಾಗಿ ಉಳಿದಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಎಂಫಿಲ್ ಪದವಿಯನ್ನೇ ಕೈಬಿಟ್ಟಿತು. ಕ್ಲಿನಿಕಲ್ ಸೈಕಾಲಜಿಗೆ ಯುಜಿಸಿ ಕೊಟ್ಟ ವಿನಾಯಿತಿ 2025-26ರ ಪ್ರವೇಶದವರೆಗಿನದು. 2025ರ ಜುಲೈ-ಆಗಸ್ಟ್ ಅವಧಿಯಿಂದ ದೂರ ಶಿಕ್ಷಣ ಮತ್ತು ಆನ್‌ಲೈನ್ ಮೂಲಕ ಮನಃಶಾಸ್ತ್ರ ಕೋರ್ಸ್ ನಡೆಸದಂತೆಯೂ ಯುಜಿಸಿ ಸೂಚಿಸಿತು. ಗುಣಮಟ್ಟದ ದೃಷ್ಟಿಯಿಂದ ಇದು ಸರಿಯೇ. ಆದರೆ ಕೆಲಸ ಮಾಡುತ್ತಲೇ ಓದುತ್ತಿದ್ದವರ ದಾರಿ ಮುಚ್ಚಿತು.

ಬೇಡಿಕೆ ಇದೆ, ಜನರಿಲ್ಲ

ಇತ್ತ ಬೇಡಿಕೆ ಏರುತ್ತಲೇ ಇದೆ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಶೇ 10.6ರಷ್ಟು ಮಂದಿಗೆ ಮಾನಸಿಕ ಸಮಸ್ಯೆ ಕಂಡುಬಂದಿತ್ತು. ವಿಶಾಖಪಟ್ಟಣದಲ್ಲಿ ನೀಟ್ ತರಬೇತಿ ಪಡೆಯುತ್ತಿದ್ದ ವಿದ್ಯಾರ್ಥಿನಿಯ ಸಾವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕ, ಮನಃಶಾಸ್ತ್ರಜ್ಞ ಅಥವಾ ಸಮಾಜಕಾರ್ಯ ತಜ್ಞರನ್ನು ನೇಮಿಸಬೇಕು ಎಂದಿತು. ಕೋಚಿಂಗ್ ಸೆಂಟರ್‌ಗಳೇ ತುಂಬಿರುವ ಹೈದರಾಬಾದ್‌ನಂಥ ನಗರಕ್ಕೆ ಇದು ಸಣ್ಣ ಸಂಖ್ಯೆಯಲ್ಲ.

ಈ 'ಅರ್ಹ'ರು ಎಲ್ಲಿಂದ ಬರಬೇಕು? ತರಬೇತಿಯ ಸೀಟುಗಳು ಹೆಚ್ಚದೆ ಹುದ್ದೆಗಳು ಮಾತ್ರ ಹೆಚ್ಚಿದರೆ, ರೋಗಿಯ ಮುಂದೆ ಒಂದು ದಿನವೂ ಕೂತು ಕಲಿಯದ ಪದವೀಧರರೇ ಆ ಕುರ್ಚಿಯಲ್ಲಿ ಕೂರುತ್ತಾರೆ. ಅದರ ಬೆಲೆ ತೆರುವುದು ಸಂಕಟದಲ್ಲಿ ಬಂದ ಹದಿಹರೆಯದ ಹುಡುಗ, ಹುಡುಗಿ.

ಪ್ರವೇಶಕ್ಕೆ ಮೊದಲು

ಸೈಕಾಲಜಿ ಆರಿಸಿಕೊಳ್ಳುವವರು ಶುಲ್ಕ, ಹಾಸ್ಟೆಲ್ ಬಗ್ಗೆ ಕೇಳುವಾಗಲೇ ಇನ್ನೆರಡು ವಿಷಯ ಕೇಳಬೇಕು. ಆಸ್ಪತ್ರೆಯಲ್ಲಿ ಎಷ್ಟು ಗಂಟೆ ತರಬೇತಿ ಇದೆ? ಈ ಪದವಿ ಯಾವ ನೋಂದಣಿಗೆ ಅರ್ಹತೆ ಕೊಡುತ್ತದೆ? ಮಾನವ ಸಂಪನ್ಮೂಲ, ಸಂಶೋಧನೆ, ಬೋಧನೆಗೆ ಹೋಗುವವರಿಗೆ ಎಂಎ ಸಾಕಾಗಬಹುದು. ಚಿಕಿತ್ಸೆ ನೀಡಲು ಬಯಸುವವರಿಗೆ ಅದು ಮೊದಲ ಮೆಟ್ಟಿಲು ಮಾತ್ರ.