ಯೀಸ್ಟ್ ಹಾಕಿದವರು ಯಾರು?

ಯೀಸ್ಟ್ ಯಾವಾಗ ಹಾಕಬೇಕು ಎಂಬುದು ಬಿಯರ್ ಮಾಡುವವರ ಕೈಯಲ್ಲೇ ಇರುತ್ತದೆ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ರಸವನ್ನು ಹಾಪ್ಸ್ ಜತೆ ಸುಮಾರು ಒಂದು ಗಂಟೆ ಕುದಿಸಿ, 20 ಡಿಗ್ರಿ ಆಸುಪಾಸಿಗೆ ತಣಿಸಿ, ಆಮೇಲೆ ಯೀಸ್ಟ್ ಬೆರೆಸುತ್ತಾರೆ. ಕುದಿಯುವಾಗಲೇ ಹಾಕಿದರೆ ಅದು ಸಾಯುತ್ತದೆ. ತಣಿದ ಮೇಲೂ ತಡ ಮಾಡಿದರೆ ಬೇರೆ ಸೂಕ್ಷ್ಮಜೀವಿಗಳು ಮೊದಲೇ ಸೇರಿಕೊಂಡು ರಸ ಕೆಡಿಸುತ್ತವೆ. ಬೆಂಗಳೂರಿನ ಮೈಕ್ರೋಬ್ರೂವರಿಗಳಲ್ಲಿ ಇದು ಹೆಮ್ಮೆಯ ವ್ಯಾಪಾರ. ಕುಡಿಯಲು ಬಂದವರು ಟ್ಯಾಂಕಿನ ಮುಂದೆ ಸೆಲ್ಫಿ ತೆಗೆದುಕೊಳ್ಳುತ್ತಾರೆ.

ತೆಂಗು ಬೆಳೆಯುವ ರೈತನಿಗೆ ಆ ಆಯ್ಕೆಯೇ ಇಲ್ಲ. ಅರಳದ ಹೊಂಬಾಳೆಯ ತುದಿ ಕೊಯ್ದು ಗಡಿಗೆ ಕಟ್ಟಿದರೆ ತೊಟ್ಟಿಕ್ಕುವುದು ಸಿಹಿಯಾದ ನೀರಾ. ಗಾಳಿಯಲ್ಲಿ, ಗಡಿಗೆಯ ಒಳಮೈಯಲ್ಲಿ, ಹೊಂಬಾಳೆಯ ಮೇಲೆ ಇರುವ ಯೀಸ್ಟಿಗೆ ಯಾರ ಅಪ್ಪಣೆಯೂ ಬೇಕಿಲ್ಲ. ಮರದ ಮೇಲೆಯೇ ಅದರ ಕೆಲಸ ಶುರು. ಕೆಲವೇ ಗಂಟೆಗಳಲ್ಲಿ ನೊರೆ ಬಂದು ನೀರಾ ಹೆಂಡವಾಗುತ್ತದೆ. ಇನ್ನೂ ಬಿಟ್ಟರೆ ವಿನೆಗರ್.

ಯೀಸ್ಟನ್ನು ಬೇಕೆಂದೇ ಹಾಕುವವನು ಉದ್ಯಮಿ, ಕೇಳದೆ ಬಂದ ಯೀಸ್ಟಿಗೆ ಹೊಣೆಯಾಗುವ ರೈತ ಮಾತ್ರ ಶಂಕಿತ. ಇದು ಯಾವ ನ್ಯಾಯ?

ನುಸಿಪೀಡೆಗೆ ಕಾಯಿ ಕಳೆದುಕೊಂಡ ರೈತರು ನೀರಾ ಇಳಿಸುವ ಹಕ್ಕು ಕೇಳಿದಾಗ, 2001ರಲ್ಲಿ ಚನ್ನಪಟ್ಟಣ ತಾಲ್ಲೂಕಿನ ವಿಠಲೇನಹಳ್ಳಿಯಲ್ಲಿ ಗೋಲಿಬಾರ್ ಆಯಿತು. ಇಬ್ಬರು ರೈತರು ಸತ್ತರು. 2004ರಲ್ಲಿ ದಕ್ಷಿಣ ಕನ್ನಡ, ಉಡುಪಿ ಬಿಟ್ಟು ಉಳಿದ ಕಡೆ ಸೇಂದಿ ನಿಷೇಧವಾಯಿತು. 2016ರಲ್ಲಿ ಅಬಕಾರಿ ಕಾಯ್ದೆ ತಿದ್ದಿ ನೀರಾಕ್ಕೆ ಅವಕಾಶ ಕೊಟ್ಟರು. ಆದರೆ ಮದ್ಯವಲ್ಲದ ಈ ಪಾನೀಯಕ್ಕೂ ಅಬಕಾರಿ ಪರವಾನಗಿಯೇ ಬೇಕು.

ಸೇಂದಿಗೆ ಕ್ಲೋರಲ್ ಹೈಡ್ರೇಟ್ ಬೆರೆಸಿ ಜನರ ಆರೋಗ್ಯ ಹಾಳು ಮಾಡಿದ್ದು ಸುಳ್ಳೇ ಎಂದು ಕೇಳುವವರಿದ್ದಾರೆ. ಸುಳ್ಳಲ್ಲ. ಆದರೆ ಆ ಪುಡಿ ಮರದಿಂದ ಇಳಿದು ಬಂದದ್ದಲ್ಲ, ಮನುಷ್ಯ ತಂದು ಸುರಿದದ್ದು. ಹಾಲಿಗೆ ಯೂರಿಯಾ ಬೆರೆಸಿದವನನ್ನು ಹಿಡಿಯುತ್ತೇವೆಯೇ ಹೊರತು ಹಸು ಸಾಕುವುದನ್ನೇ ನಿಷೇಧಿಸುವುದಿಲ್ಲ.

ಯೀಸ್ಟಿಗೆ ಅಡ್ಡಗಟ್ಟುವ ದಾರಿಗಳೂ ಗೊತ್ತಿರುವಂಥವೇ. ಗಡಿಗೆಯ ಒಳಗೆ ಸುಣ್ಣ ಬಳಿಯುವುದು ಹಳೆಯ ಪದ್ಧತಿ. ಸುಣ್ಣದ ಕ್ಷಾರದಲ್ಲಿ ಯೀಸ್ಟ್ ಸುಲಭವಾಗಿ ಬೆಳೆಯದು, ಆದರೆ ರುಚಿ ಕೆಡುತ್ತದೆ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಹೊಂಬಾಳೆಗೇ ಕಟ್ಟುವ ಮಂಜುಗಡ್ಡೆಯ ಪೆಟ್ಟಿಗೆ ರೂಪಿಸಿದೆ. ರಸ ತೊಟ್ಟಿಕ್ಕುತ್ತಲೇ ತಣ್ಣಗಾಗುವುದರಿಂದ ಸುಣ್ಣವೇ ಬೇಡ. ಹೀಗೆ ಇಳಿಸಿದ್ದಕ್ಕೆ ಅವರು ಇಟ್ಟ ಹೆಸರು ಕಲ್ಪರಸ. ಅದನ್ನು ಕಾಯಿಸಿದರೆ ಬೆಲ್ಲ, ಸಕ್ಕರೆ.

ಹಾಗಾದರೆ ಕೊರತೆ ಎಲ್ಲಿದೆ? ತಿಪಟೂರು, ಅರಸೀಕೆರೆಯಂಥ ಕೊಬ್ಬರಿ ಸೀಮೆಯ ಹಳ್ಳಿಗಳಲ್ಲಿ ಮಂಜುಗಡ್ಡೆ ಬೇಕು, ಶೀತಲ ಪೆಟ್ಟಿಗೆ ಬೇಕು, ಮರ ಹತ್ತುವವರಿಗೆ ತರಬೇತಿ ಮತ್ತು ವಿಮೆ ಬೇಕು. ಊರಿನ ಹಾಲಿನ ಡೇರಿಯಲ್ಲಿ ಕೊಬ್ಬಿನಂಶ ನೋಡಿದಂತೆ, ಸಂಗ್ರಹ ಕೇಂದ್ರದಲ್ಲೇ ಹುಳಿಯನ್ನೂ ಮದ್ಯದಂಶವನ್ನೂ ಅಳೆಯಬಹುದು. ಹುಳಿ ಬಂದದ್ದನ್ನು ವಿನೆಗರ್‌ಗೆ ಕಳಿಸಿ.

ನೀರಾವನ್ನು ತೋಟಗಾರಿಕೆ ಇಲಾಖೆಗೆ ಒಪ್ಪಿಸಿ, ರೈತನನ್ನು ಬೆಳೆಗಾರನಂತೆ ನೋಡಿ. ಯೀಸ್ಟನ್ನು ತಡೆಯುವುದು ಮಂಜುಗಡ್ಡೆ. ಲಾಠಿಯಿಂದ ಅದು ಇವತ್ತಿನವರೆಗೂ ನಿಂತಿಲ್ಲ.