ಆಯ್ದಕ್ಕಿಯ ಕೈಯೂ ಯಂತ್ರದ ಕಣ್ಣೂ

ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವನ್ನು ಅರಿಯದ ಶರಣಬಂಧುಗಳು ವಿರಳ. ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆ ದಂಪತಿಗಳ ಕಾಯಕವೆಂದರೆ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು. ಒಂದು ದಿನ ಮಾರಯ್ಯ ನಿತ್ಯದ ಅಳತೆಗಿಂತ ಹೆಚ್ಚು ತಂದನು. ಲಕ್ಕಮ್ಮ ಒಪ್ಪಲಿಲ್ಲ, ಅದನ್ನು ಹಿಂದಿರುಗಿಸಿ ಬರುವಂತೆ ಕಳುಹಿಸಿದಳು. ವ್ಯಾಖ್ಯಾನಕಾರರು ಇದನ್ನು ಆಸೆಯನ್ನು ಗೆದ್ದ ನಿದರ್ಶನವೆಂದು ವಿವರಿಸಿ ಮುಂದೆ ಸಾಗುವುದು ವಾಡಿಕೆ. ಆದರೆ ಇಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಎಷ್ಟು ಸಾಕು, ಯಾವುದು ಸಲ್ಲದು ಎಂಬ ತೀರ್ಪು ಆಯುವವಳದೇ ಆಗಿತ್ತು. ಕೈಯೂ ಅವಳದು, ವಿವೇಕವೂ ಅವಳದು.

ಕಲಬುರಗಿ ತೊಗರಿಯ ಕಣಜ. ಇಲ್ಲಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ನಗರದ ದಾಲ್‌ಮಿಲ್ಲುಗಳಲ್ಲಿ ಒಂದು ಕಾಲಕ್ಕೆ ಹೆಂಗಸರು ಸಾಲಾಗಿ ಕುಳಿತು, ಮೊರ ಹಿಡಿದು ಬೇಳೆ ಹಸನು ಮಾಡುತ್ತಿದ್ದರು. ಕಪ್ಪು ಕಾಳು, ಸಿಪ್ಪೆ ಬಿಡದ ಕಾಳು, ಹರಳು, ಹುಳು ತಿಂದದ್ದು ಎಲ್ಲವೂ ಬೆರಳಿಗೆ ಸಿಕ್ಕಿ ಹೊರಬೀಳುತ್ತಿದ್ದವು. ಈಗ ಆ ಜಾಗದಲ್ಲಿ ಸಾರ್ಟೆಕ್ಸ್ ಎಂದು ಕರೆಯಲಾಗುವ ಯಂತ್ರ ನಿಂತಿದೆ. ಬೇಳೆ ಇಳಿಜಾರಿನ ತಗಡಿನ ಮೇಲೆ ಜಾರಿ ಬೀಳುತ್ತದೆ. ಎರಡೂ ಬದಿಯ ಕ್ಯಾಮೆರಾಗಳು ಪ್ರತಿ ಕಾಳಿನ ಬಣ್ಣವನ್ನು ನೋಡುತ್ತವೆ. ಒಳಗಿನ ಗಣಕವು ಇದು ಸಲ್ಲದೆಂದು ನಿರ್ಣಯಿಸಿದ ಕ್ಷಣದಲ್ಲಿ ಗಾಳಿಯ ಒಂದು ಊದು ಆ ಕಾಳನ್ನಷ್ಟೇ ಪಕ್ಕಕ್ಕೆ ಎಸೆಯುತ್ತದೆ. ಹೊಸ ಮಾದರಿಗಳಿಗೆ ಒಳ್ಳೆಯ ಕಾಳು, ಕೆಟ್ಟ ಕಾಳುಗಳನ್ನು ತೋರಿಸಿ ಕಲಿಸಲೂ ಬರುತ್ತದೆ. ತಲೆಮಾರುಗಳಿಂದ ಹೆಂಗಸರ ಬೆರಳತುದಿಯಲ್ಲಿದ್ದ ಅರಿವು ಹೀಗೆ ಯಂತ್ರದ ಅರಿವಾಯಿತು. ಕಲಿಸಿದವರ ಹೆಸರು ಮಾತ್ರ ಯಾವ ಲೆಕ್ಕದ ಪುಸ್ತಕದಲ್ಲಿಯೂ ಇಲ್ಲ.

ಯಂತ್ರವನ್ನು ಹಳಿಯುವುದು ಇಲ್ಲಿಯ ಉದ್ದೇಶವಲ್ಲ. ಧೂಳು ಕುಡಿದು, ಬೆನ್ನು ಬಾಗಿಸಿ ದಿನವಿಡೀ ಹಸನು ಮಾಡುವುದು ಸುಖದ ಕೆಲಸವೇನೂ ಆಗಿರಲಿಲ್ಲ, ಕೂಲಿಯೂ ಅಷ್ಟಕ್ಕಷ್ಟೆ. ಖಂಡಿಸಬೇಕಾದದ್ದು ಇತ್ತೀಚೆಗೆ ಬಸವತತ್ತ್ವದ ಹೆಸರಿನಲ್ಲಿಯೇ ಕೇಳಿಬರುತ್ತಿರುವ ಒಂದು ಮಾತನ್ನು: “ಯಂತ್ರವೇ ಇಂದಿನ ನಿಜವಾದ ಕಾಯಕಯೋಗಿ, ದಣಿಯುವುದಿಲ್ಲ, ರಜೆ ಕೇಳುವುದಿಲ್ಲ.” ಇದಕ್ಕಿಂತ ದೊಡ್ಡ ಅಪವ್ಯಾಖ್ಯಾನ ಇನ್ನೊಂದಿರಲಾರದು. ಕಾಯವಿದ್ದವರಿಗೆ ಕಾಯಕ. ಹಸಿವು, ದಣಿವು, ತಪ್ಪಿಗೆ ಅಳುಕು, ಸಂಜೆ ಮನೆಗೊಯ್ಯುವ ಹಿಡಿ ಅಕ್ಕಿ ಇವೆಲ್ಲವೂ ಸೇರಿ ಅದು ಕಾಯಕ. ದಣಿಯದಿರುವುದೇ ದೊಡ್ಡ ಗುಣವಾದರೆ ಗಾಣಕ್ಕೂ ಗುಡಿ ಕಟ್ಟಬೇಕಾದೀತು! ದುಡಿಯುವವರಿಗೆ ಕಾಯಕವನ್ನು ಬೋಧಿಸುವ ಬಾಯಿ, ಉಳಿತಾಯವಾದ ಕೂಲಿ ಎಲ್ಲಿ ಹೋಯಿತೆಂದು ಕೇಳುವಾಗ ದಾಸೋಹದ ಹೆಸರನ್ನೇ ಎತ್ತುವುದಿಲ್ಲ. ಅರ್ಧ ತತ್ತ್ವವನ್ನು ಬಡವಳಿಗೆ ಹೇಳಿ ಉಳಿದರ್ಧವನ್ನು ಧಣಿಗಳ ಮುಂದೆ ನುಂಗಿಕೊಳ್ಳುವುದು ಬೋಧೆಯಲ್ಲ. ಮಠಗಳ ದಾಸೋಹದ ಅಡುಗೆಮನೆಗೂ ಅದೇ ಸಾರ್ಟೆಕ್ಸ್ ಬೇಳೆ ಬರುವುದರಿಂದ ಈ ಪ್ರಶ್ನೆ ಮಠಗಳನ್ನೂ ಬಿಡುವುದಿಲ್ಲ.

ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದರೆ ಕಮಲಾಪುರ. ಅದೇ ಹಾದಿ ಮುಂದುವರಿದರೆ ಲಕ್ಕಮ್ಮ ಅಕ್ಕಿ ಆಯ್ದ ಕಲ್ಯಾಣ. ಕಮಲಾಪುರದ ಸುತ್ತಲಿನಂತಹ ಮಳೆಯಾಶ್ರಿತ ಹಳ್ಳಿಗಳಲ್ಲಿ ಹೊಲದ ಕೆಲಸ ತೀರಿದ ಮೇಲೆ ಭೂಮಿಯಿಲ್ಲದವರಿಗೆ ಆಸರೆಯಾದದ್ದು ಉದ್ಯೋಗ ಖಾತ್ರಿ. ಅಲ್ಲಿ ಕ್ಯಾಮೆರಾ ಆಯತೊಡಗಿದ್ದು ಕಾಳನ್ನಲ್ಲ, ಕೂಲಿಕಾರರನ್ನು. 2023ರ ಜನವರಿ 1ರಿಂದ, ವೈಯಕ್ತಿಕ ಫಲಾನುಭವಿಗಳ ಕಾಮಗಾರಿಗಳನ್ನು ಬಿಟ್ಟು, ಎಲ್ಲೆಡೆ ದಿನಕ್ಕೆ ಎರಡು ಬಾರಿ ಮೊಬೈಲಿನಲ್ಲಿ ಚಿತ್ರ ತೆಗೆದು ಹಾಜರಿ ಹಾಕುವುದು ಕಡ್ಡಾಯವಾಯಿತು. ಮರುವರ್ಷದ ಜನವರಿ 1ರಿಂದ ಕೂಲಿ ಪಾವತಿಯೂ ಆಧಾರ್ ಜೋಡಣೆಗೆ ಕಟ್ಟುಬಿದ್ದಿತು. ಕರ್ನಾಟಕದಲ್ಲಿ ಈ ಕೂಲಿಕಾರರ ಮೇಟಿಗೆ ಸರ್ಕಾರ ಇಟ್ಟ ಹೆಸರು “ಕಾಯಕ ಬಂಧು”. ಹೆಸರು ಸುಂದರವೇ. ಆದರೆ ಗುಂಡಿ ತೋಡಿದ ಹೆಣ್ಣುಮಗಳು ಕಣ್ಣೆದುರಿಗೇ ನಿಂತಿದ್ದರೂ, ನೆಟ್‌ವರ್ಕ್ ಕೈಕೊಟ್ಟು ಚಿತ್ರ ಏರದಿದ್ದರೆ “ಈಕೆ ದುಡಿದಿದ್ದಾಳೆ” ಎಂದು ಬರೆಯುವ ಅಧಿಕಾರ ಆ ಬಂಧುವಿಗಿರಲಿಲ್ಲ. ತಿದ್ದುಪಡಿಗೆ ಜಿಲ್ಲಾ ಮಟ್ಟದ ಅಧಿಕಾರಿಯ ಒಪ್ಪಿಗೆ ಬೇಕಿತ್ತು. 2025–26ರಲ್ಲಿ ರಾಜ್ಯದ ದಿನಗೂಲಿ 370 ರೂಪಾಯಿ. ಅಷ್ಟಕ್ಕಾಗಿ ಒಂದು ದಿನದ ಕೂಲಿ ಬಿಟ್ಟು ಕಚೇರಿಗೆ ಅಲೆಯುವವರಾರು?

ಕಳ್ಳ ಹಾಜರಿಯನ್ನು ತಡೆಯಲು ಬೇರೆ ದಾರಿಯಿಲ್ಲವೆಂಬ ಸಮರ್ಥನೆಯುಂಟು. ಕಳ್ಳ ಹಾಜರಿ ಇದ್ದದ್ದು ಸುಳ್ಳಲ್ಲ. ಆದರೆ 2025ರ ಜುಲೈನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ರಾಜ್ಯಗಳಿಗೆ ಬರೆದ ಪತ್ರ ಏನನ್ನು ಹೇಳಿತು? ಸಂಬಂಧವಿಲ್ಲದ ಚಿತ್ರಗಳು, ಚಿತ್ರದ ಮೇಲೆ ತೆಗೆದ ಚಿತ್ರಗಳು, ಲೆಕ್ಕಕ್ಕೂ ತಲೆಗಳಿಗೂ ತಾಳೆಯಾಗದ ಹಾಜರಿಗಳು. ಪರಿಹಾರವಾಗಿ ಸೂಚಿಸಿದ್ದು, ಗ್ರಾಮ ಪಂಚಾಯಿತಿಯಲ್ಲಿ ಮನುಷ್ಯರು ಕುಳಿತು ಆ ಚಿತ್ರಗಳನ್ನೆಲ್ಲ ನೋಡಬೇಕೆಂದು! ಕಳ್ಳನಿಗೆ ಯಂತ್ರದ ಕಣ್ಣಿಗೆ ಮಣ್ಣೆರಚುವ ಉಪಾಯ ತಿಳಿದಿತ್ತು. ನಿಜವಾಗಿ ದುಡಿದವಳಿಗೆ ಅದು ತಿಳಿಯದು. 2005ರ ಕಾಯ್ದೆಯ ಸ್ಥಾನಕ್ಕೆಂದು 2025ರ ಡಿಸೆಂಬರಿನಲ್ಲಿ ಸಂಸತ್ತು ಅಂಗೀಕರಿಸಿದ ಹೊಸ ಕಾಯ್ದೆ 100 ದಿನಗಳನ್ನು 125ಕ್ಕೆ ಏರಿಸಿದೆ. ಜೊತೆಗೆ ಬಯೋಮೆಟ್ರಿಕ್ ಗುರುತನ್ನೂ, ವಂಚನೆಯ ಪತ್ತೆಗೆ ಕೃತಕ ಬುದ್ಧಿಮತ್ತೆಯನ್ನೂ ಸೇರಿಸಿಕೊಂಡಿದೆ. ಹೆಚ್ಚಾದ ದಿನಗಳಿಗೆ ಸ್ವಾಗತ. ಆದರೆ ಆ ಬುದ್ಧಿಮತ್ತೆ ಒಬ್ಬಳನ್ನು ಸಲ್ಲದ ಕಾಳೆಂದು ಪಕ್ಕಕ್ಕೆ ಎಸೆದರೆ ಅವಳು ಯಾರ ಮುಖ ನೋಡಿ ಕೇಳಬೇಕು? ಮಾರಯ್ಯನನ್ನು ಲಕ್ಕಮ್ಮ ಎದುರು ನಿಲ್ಲಿಸಿಕೊಂಡು ಪ್ರಶ್ನಿಸಿದಳು. ಯಂತ್ರ ಎದುರು ನಿಲ್ಲುವುದಿಲ್ಲ; ಅದರ ಹಿಂದೆ ನಿಂತವರು ಯಂತ್ರವನ್ನೇ ತೋರಿಸುತ್ತಾರೆ.

ಬೇಳೆ ಆಯುವ ಯಂತ್ರ ಬಂದ ಮಿಲ್ಲುಗಳಲ್ಲಿ ಅದನ್ನು ನಡೆಸುವ ಕೆಲಸವನ್ನು, ಮೊದಲು ಹಸನು ಮಾಡುತ್ತಿದ್ದ ಮನೆಗಳ ಹೆಣ್ಣುಮಕ್ಕಳಿಗೇ ಕಲಿಸಿ ಕೊಡಬೇಕೆಂದು ಬಸವ ಜಯಂತಿಗೆ ದೇಣಿಗೆ ನೀಡುವ ಧಣಿಗಳನ್ನು ಕೇಳುವ ಎದೆಗಾರಿಕೆ ವೇದಿಕೆಯ ಮೇಲಿನವರಿಗೆ ಬರಲಿ. ಖಾತ್ರಿ ಕೆಲಸದಲ್ಲಿ ಚಿತ್ರ ಏರದ ದಿನ, ಸ್ಥಳದಲ್ಲಿದ್ದ ಇಬ್ಬರ ಸಾಕ್ಷಿಯ ಮೇಲೆ ಅಲ್ಲಿಯೇ ಹಾಜರಿ ಬರೆಯುವ ಹಕ್ಕು ಕಾಯಕ ಬಂಧುವಿಗಿರಲಿ. ಕೂಲಿ ನಿರಾಕರಿಸಲ್ಪಟ್ಟ ಪ್ರತಿಯೊಬ್ಬಳ ಹೆಸರನ್ನೂ ಕಾರಣವನ್ನೂ ಗ್ರಾಮಸಭೆಯಲ್ಲಿ, ಅವಳು ಎದ್ದು ಉತ್ತರ ಹೇಳುವಂತೆ, ಕನ್ನಡದಲ್ಲಿ ಓದಲಿ.